ಸ್ಟ್ರಾಟೋಕ್ಯಾಸ್ಟರ್‌ಗೆ ಬದಲಿ ನೆಕ್: ಮರಕ್ಕೆ ಪೂರ್ಣ ಅಂಕ, ನಟ್‌ಗೆ ಇಲ್ಲ

ಶಿವಮೊಗ್ಗದ ಸುತ್ತಮುತ್ತ ರಸಮಂಜರಿ ಕಾರ್ಯಕ್ರಮಗಳಲ್ಲಿ ಗಿಟಾರ್ ನುಡಿಸುವವನು ನಾನು. ಗಣೇಶೋತ್ಸವ ಶುರುವಾದರೆ ರಾಜ್ಯೋತ್ಸವ ಮುಗಿಯುವವರೆಗೆ ಫೆಂಡರ್ ಕಂಪನಿಯ ಎಲೆಕ್ಟ್ರಿಕ್ ಗಿಟಾರ್ ಆದ ಸ್ಟ್ರಾಟೋಕ್ಯಾಸ್ಟರ್ ಮಾದರಿಯ ನನ್ನ ಗಿಟಾರ್‌ಗೆ ಬಿಡುವಿರುವುದಿಲ್ಲ. ಅದರ ಹಳೆಯ ನೆಕ್‌ನ (ಒಡಲಿನಿಂದ ಹೊರಚಾಚಿದ ಉದ್ದನೆಯ ಕತ್ತಿನ) ಫ್ರೆಟ್‌ಗಳು, ಅಂದರೆ ಸ್ವರಸ್ಥಾನಗಳ ಅಡ್ಡ ಲೋಹಪಟ್ಟಿಗಳು, ಸವೆದು ಗುಳಿ ಬಿದ್ದಿದ್ದವು. ನೆಕ್‌ನ ಬಾಗು ಸರಿಪಡಿಸಲು ಅದರೊಳಗೆ ಇರುವ ಟ್ರಸ್ ರಾಡ್ ಎಂಬ ಲೋಹದ ಸರಳನ್ನು ಪೂರ್ತಿ ಬಿಗಿದರೂ ನೆಕ್ ನೆಟ್ಟಗಾಗುತ್ತಿರಲಿಲ್ಲ. ಹಾಗಾಗಿ ಫೆಂಡರ್ ಪರವಾನಗಿ ಪಡೆದ ಒಂದು ಬದಲಿ ನೆಕ್ ಅನ್ನು ಹೊರದೇಶದಿಂದ ತರಿಸಿ, ಕೂರಿಸಿ, ಒಂದು ಹಬ್ಬದ ಋತುವನ್ನೇ ಅದರಲ್ಲಿ ಕಳೆದ ಮೇಲೆ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಲಿಯೋ ಫೆಂಡರ್ 1950ರಲ್ಲಿ ಮಾರುಕಟ್ಟೆಗೆ ತಂದ ಗಿಟಾರ್‌ನಲ್ಲೇ ನೆಕ್ ಅನ್ನು ಅಂಟಿಸದೆ ಸ್ಕ್ರೂಗಳಿಂದ ಬಿಗಿದಿದ್ದರು. 1954ರ ಸ್ಟ್ರಾಟೋಕ್ಯಾಸ್ಟರ್‌ನಲ್ಲೂ ನಾಲ್ಕು ಸ್ಕ್ರೂಗಳ ಅದೇ ಕಟ್ಟು. ಕೆಟ್ಟರೆ ಬಿಚ್ಚಿ ಬೇರೆಯದನ್ನು ಹಾಕಿಕೊಳ್ಳಲು ಬರುವ ವಾದ್ಯ! ಶಿವಮೊಗ್ಗದಂಥ ಊರಿನಲ್ಲಿ, ಗಿಟಾರ್ ರಿಪೇರಿಗೆ ಬೆಂಗಳೂರಿನ ಬಸ್ ಹತ್ತಬೇಕಾದ ನಮಗೆ, ಇದು ಎಷ್ಟು ದೊಡ್ಡ ಉಪಕಾರ ಎಂದು ಹೇಳಬೇಕಿಲ್ಲ.

ಮೊದಲು ಮರದ ಮಾತು. ಹಿಂಬದಿ ಮೇಪಲ್, ಬೆರಳುಹಲಗೆ ರೋಸ್‌ವುಡ್, 22 ಫ್ರೆಟ್, ಹಲಗೆಯ ಉಬ್ಬು 9.5 ಇಂಚು ತ್ರಿಜ್ಯದ್ದು. ಮೇಪಲ್‌ನ ಎಳೆಗಳು ಬುಡದಿಂದ ತಲೆಯವರೆಗೆ ನೇರವಾಗಿ ಓಡಿವೆ, ಎಲ್ಲೂ ಗಂಟಿಲ್ಲ. ಸ್ಕ್ರೂ ತೂತು ಕೊರೆಯಲು ಇದನ್ನು ನಮ್ಮ ಬೀದಿಯ ಬಡಗಿಯ ಬಳಿ ಒಯ್ದಿದ್ದೆ. ಅವರು ಕನ್ನಡಕ ಏರಿಸಿ, ಕಡುಗಂದು ಹಲಗೆಯ ಮೇಲೆ ಹೆಬ್ಬೆರಳು ಸವರಿ, “ಇದು ಬೀಟೆಯಲ್ಲವೇ ಮಾರಾಯರೇ? ಯಾವ ಕಾಡಿನದ್ದು?” ಎಂದರು. ಬೀಟೆಯೇ. ಅಂಗಡಿಯವರು ‘ಇಂಡಿಯನ್ ರೋಸ್‌ವುಡ್’ ಎಂದು ಬರೆದಿದ್ದಾರೆ. ನಮ್ಮ ಮಲೆನಾಡಿನ ಹಳೆಯ ಮನೆಗಳ ಮಂಚ, ಪೆಟ್ಟಿಗೆಗಳಿಗೆ ಬಳಸುತ್ತಿದ್ದ ಅದೇ ಜಾತಿಯ ಮರ. 2017ರಲ್ಲಿ ಈ ಕುಲದ ಮರಗಳ ವ್ಯಾಪಾರದ ಮೇಲೆ ಅಳಿವಿನ ಭಯವಿರುವ ಪ್ರಾಣಿ, ಸಸ್ಯಗಳ ವ್ಯಾಪಾರ ನಿಯಂತ್ರಿಸುವ ಸೈಟೀಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ನಿರ್ಬಂಧ ಬಿಗಿಯಾದಾಗ ಹಲವು ತಯಾರಕರು ಬೇರೆ ಮರಗಳತ್ತ ಹೊರಳಿದ್ದರು. 2019ರ ಕೊನೆಗೆ ಸಿದ್ಧ ವಾದ್ಯಗಳಿಗೂ ಅವುಗಳ ಭಾಗಗಳಿಗೂ ವಿನಾಯಿತಿ ಸಿಕ್ಕಿತು. ಬೆರಳಿನ ಕೆಳಗೆ ಬೀಟೆಯೇ ಇರಬೇಕೆಂದು ನಾನು ಹಟ ಹಿಡಿದು ಹುಡುಕಿದ್ದೆ, ಸಿಕ್ಕಿದ್ದಕ್ಕೆ ಸಂತೋಷವಿದೆ.

ಜಾಹೀರಾತಿನಲ್ಲಿ ‘ಜೋಡಿಸಲು ಸಿದ್ಧ’ ಎಂದಿದೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಬುಡದಲ್ಲಿ ಸ್ಕ್ರೂ ತೂತುಗಳೇ ಇರುವುದಿಲ್ಲ. ತೂತಿಲ್ಲದಿರುವುದು ಒಳ್ಳೆಯದೇ, ಏಕೆಂದರೆ ಪ್ರತಿ ಗಿಟಾರ್‌ನ ಒಡಲಲ್ಲೂ ಅವುಗಳ ಜಾಗ ಕೂದಲೆಳೆಯಷ್ಟು ಆಚೀಚೆ ಇರುತ್ತದೆ. ಆದರೆ ಅದನ್ನು ಮೊದಲೇ ಸ್ಪಷ್ಟವಾಗಿ ಹೇಳಬೇಕು. ನಾವು ಮಾಡಿದ ಕ್ರಮ ಇದು: ನೆಕ್ ಅನ್ನು ಒಡಲಿನ ಗುಂಡಿಯಲ್ಲಿಟ್ಟು ಕ್ಲ್ಯಾಂಪ್ ಹಾಕಿದೆವು. ಎರಡೂ ಅಂಚಿನ ತಂತಿಗಳ ಜಾಗದಲ್ಲಿ ನಟ್‌ನಿಂದ (ನೆಕ್‌ನ ತಲೆಯ ಬಳಿ ತಂತಿಗಳು ಗೀರುಗಳಲ್ಲಿ ಕೂರುವ ಸಣ್ಣ ಪಟ್ಟಿ) ಬ್ರಿಡ್ಜ್‌ವರೆಗೆ (ಒಡಲಿನ ಮೇಲೆ ತಂತಿಗಳನ್ನು ಹೊರುವ ಭಾಗ) ದಾರ ಎಳೆದೆವು. ಕೊನೆಯ ಫ್ರೆಟ್‌ನ ಬಳಿ ದಾರದಿಂದ ಹಲಗೆಯ ಅಂಚಿಗೆ ಎರಡು ಕಡೆಯೂ ಒಂದೇ ಅಂತರ ಬಂದ ಮೇಲಷ್ಟೇ ಗುರುತು ಹಾಕಿದೆವು. ಬುಡದ ದಪ್ಪ ಸುಮಾರು 25 ಮಿ.ಮೀ. ಮಾತ್ರ. ಹತೋಟಿ ತಪ್ಪಿದರೆ ಬೈರಿಗೆ ಬೆರಳುಹಲಗೆಯನ್ನೇ ತೂರಿ ಮೇಲೆ ಬರುತ್ತದೆ. ಅದಕ್ಕೆ 3.2 ಮಿ.ಮೀ.ನ ಬಿಟ್‌ಗೆ ಎಷ್ಟು ಆಳ ಬೇಕೋ ಅಲ್ಲಿಗೆ ಟೇಪ್ ಸುತ್ತಿಕೊಂಡೆವು. ಮೇಪಲ್ ಗಟ್ಟಿ ಮರ. ಸ್ಕ್ರೂಗೆ ಮೇಣದಬತ್ತಿ ಉಜ್ಜಿದರೆ ಮುರಿಯುವ ಭಯವಿಲ್ಲ. ಇನ್ನೊಂದು ಮಾತು: ಸ್ಕ್ರೂ ಒಡಲಿನ ತೂತಿನಲ್ಲಿ ಸಲೀಸಾಗಿ ಜಾರಿ ನೆಕ್‌ನಲ್ಲಿ ಮಾತ್ರ ಹಿಡಿಯಬೇಕು. ಎರಡರಲ್ಲೂ ಹಿಡಿದರೆ ನಡುವೆ ಸಂದು ಉಳಿದುಬಿಡುತ್ತದೆ.

ನನಗೆ ನಿಜಕ್ಕೂ ಬೇಸರ ತರಿಸಿದ್ದು ನಟ್. ಬಂದದ್ದು ಪ್ಲಾಸ್ಟಿಕ್ಕಿನದು, ಗೀರುಗಳನ್ನು ಅರೆಬರೆ ಕೊರೆದು ಬಿಟ್ಟದ್ದು. ಮೂರನೆಯ ಫ್ರೆಟ್‌ನಲ್ಲಿ ತಂತಿ ಒತ್ತಿ ಹಿಡಿದಾಗ ಮೊದಲ ಫ್ರೆಟ್‌ನ ಮೇಲೆ ಕಂಡೂ ಕಾಣದಷ್ಟು ಸಂದು ಇರಬೇಕು. ಇಲ್ಲಿ ದಪ್ಪ ಕಾಗದ ತೂರಿಸುವಷ್ಟಿತ್ತು. ಇದರಿಂದ ಬೆರಳು ನೋಯುವುದಷ್ಟೇ ಅಲ್ಲ, ಮೊದಲ ಫ್ರೆಟ್‌ಗಳಲ್ಲಿ ಒತ್ತಿದಾಗ ತಂತಿ ಹೆಚ್ಚು ಎಳೆದು ಸ್ವರ ಏರುತ್ತದೆ. ಹಿಂದೆ ಕೀಬೋರ್ಡ್, ಪಕ್ಕದಲ್ಲಿ ಕೊಳಲು ಇರುವಾಗ ಏರಿದ ಎಫ್ ಕಾರ್ಡ್ ಇಡೀ ಪಲ್ಲವಿಯನ್ನು ಕೆಡಿಸುತ್ತದೆ. ಅದನ್ನು ತೆಗೆದು ಮೂಳೆಯ ನಟ್ ಕೂರಿಸಿ, ಪ್ರತಿ ತಂತಿಯ ದಪ್ಪಕ್ಕೆ ತಕ್ಕ ಅರದಿಂದ, ತಲೆಯ ಕಡೆಗೆ ಇಳಿಜಾರಾಗಿ ಗೀರು ಕೊರೆದೆ. ಗಿಟಾರ್ ಸ್ವರ ಬಿಚ್ಚಿದ್ದು ಆಮೇಲೆಯೇ.

ಟ್ರಸ್ ರಾಡ್ ಬಗ್ಗೆ ಮೆಚ್ಚುಗೆಯಲ್ಲದೆ ಬೇರೆ ಮಾತಿಲ್ಲ. ತಲೆಯ ಕಡೆಯಿಂದಲೇ ಕೀಲಿ ಹಾಕಿ ತಿರುಗಿಸಬಹುದು, ನೆಕ್ ಬಿಚ್ಚಬೇಕಿಲ್ಲ. 10–46 ದಪ್ಪದ (ಇಂಚಿನ ಸಾವಿರದ ಭಾಗಗಳಲ್ಲಿ) ತಂತಿಗಳನ್ನು ಶ್ರುತಿಗೆ ಏರಿಸಿದರೆ ನೆಕ್ ಮೇಲೆ ಸುಮಾರು 46 ಕಿಲೋ ಎಳೆತ ಬೀಳುತ್ತದೆ. ಮೊದಲ ಫ್ರೆಟ್‌ಗೆ ಕ್ಯಾಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ನೆಕ್ ಒಡಲು ಸೇರುವಲ್ಲಿ ತಂತಿ ಒತ್ತಿ, ಎಂಟನೆಯ ಫ್ರೆಟ್‌ನ ಮೇಲಿನ ಸಂದು ಅಳೆಯಬೇಕು. ಈ ಉಬ್ಬಿನ ಹಲಗೆಗೆ 0.25 ಮಿ.ಮೀ. ಇದ್ದರೆ ಸರಿ. ಅಳೆಯಲು ಬೈಕ್ ಗ್ಯಾರೇಜಿನಲ್ಲಿ ಟ್ಯಾಪೆಟ್ ನೋಡುವ ಫೀಲರ್ ಗೇಜ್ ಸಾಕು. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ, ಮರಕ್ಕೆ ಒಂದು ರಾತ್ರಿ ಸಮಯ ಕೊಡಿ. ಹದಿನೇಳನೆಯ ಫ್ರೆಟ್‌ನಲ್ಲಿ ತಂತಿಯ ಎತ್ತರ 1.6 ಮಿ.ಮೀ.ಗೆ ತಂದು, ಕೊನೆಗೆ ಹನ್ನೆರಡನೆಯ ಫ್ರೆಟ್‌ನ ಸ್ವರವನ್ನೂ ಹಾರ್ಮೋನಿಕ್ (ಅಲ್ಲೇ ತಂತಿಯನ್ನು ಒತ್ತದೆ ಮುಟ್ಟಿ ಮೀಟಿದಾಗ ಬರುವ ಸ್ವರ) ಅನ್ನೂ ಹೋಲಿಸಿ ಬ್ರಿಡ್ಜ್‌ನಲ್ಲಿ ತಂತಿ ಕೂರುವ ಸ್ಯಾಡಲ್‌ಗಳನ್ನು ಸರಿಸಿದೆ.

ಫ್ರೆಟ್‌ಗಳು ಸಮತಟ್ಟಾಗಿವೆ. ಬೇಸಿಗೆಯಲ್ಲಿ ಮಾತ್ರ ಅವುಗಳ ತುದಿಗಳು ಅಂಗೈಗೆ ತಾಗತೊಡಗಿದವು. ಮರ ಒಣಗಿ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ. ಹಲಗೆಯ ಅಂಚಿಗೆ ಟೇಪ್ ಅಂಟಿಸಿ ಸಣ್ಣ ಅರದಲ್ಲಿ ತುದಿ ನುಣುಪು ಮಾಡಿದರೆ ತೊಂದರೆ ತೀರಿತು. ಮಳೆಗಾಲ ಮತ್ತು ಬೇಸಿಗೆಯ ನಡುವೆ ಟ್ರಸ್ ರಾಡ್‌ನಲ್ಲಿ ತುಸು ಹೊಂದಾಣಿಕೆ ಬೇಕೇಬೇಕು. ನಮ್ಮ ಹವೆಯಲ್ಲಿ ಯಾವ ನೆಕ್‌ಗೂ ಅದು ತಪ್ಪಿದ್ದಲ್ಲ. ವಾರ್ನಿಷ್ ಇಲ್ಲದ ಬರಿ ಮೇಪಲ್ ನೆಕ್ ತರಿಸಬೇಡಿ, ಮಲೆನಾಡಿನ ತೇವಕ್ಕೆ ತಿರುಚಿಕೊಳ್ಳುತ್ತದೆ.

ತರಿಸುವ ಮುನ್ನ ನಿಮ್ಮ ಗಿಟಾರ್‌ನ ಗುಂಡಿಯ ಅಗಲ ಅಳೆಯಿರಿ. ಫೆಂಡರ್ ಅಳತೆ ಸುಮಾರು 56 ಮಿ.ಮೀ.; ಅಗ್ಗದ ನಕಲುಗಳಲ್ಲಿ ಇದು ಬೇರೆಯಿರಬಹುದು. ಟ್ಯೂನರ್ (ಶ್ರುತಿ ಬಿರಡೆ) ತೂತಿನ ಅಳತೆಯನ್ನೂ ಕೇಳಿಕೊಳ್ಳಿ. ಹೊಸ ಬಗೆಯದು 10 ಮಿ.ಮೀ., ಹಳೆಯ ಬಗೆಯದು 8.7. ಸುಂಕ, ಸಾಗಣೆ, ಮೂಳೆಯ ನಟ್, ಬಡಗಿಯ ಕೂಲಿ ಎಲ್ಲ ಸೇರಿಸಿ ಲೆಕ್ಕ ಹಾಕಿದರೂ ಈ ನೆಕ್ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಐದಕ್ಕೆ ನಾಲ್ಕು ಅಂಕ. ತಯಾರಕರು ಬೆಲೆ ತುಸು ಏರಿಸಿದರೂ ಸರಿಯೇ, ಮೂಳೆಯ ನಟ್ ಹಾಕಿಯೇ ಕಳುಹಿಸಲಿ. ಉಳಿದ ಒಂದು ಅಂಕವನ್ನೂ ಕೊಡುತ್ತೇನೆ.