ಹಳೇ ಕಂಪ್ಯೂಟರಿಗೆ ಹೊಸ ಡಿಸ್ಕ್: ಸ್ಯಾಮ್‌ಸಂಗ್ 870 ಇವೊ, ಒಂದು ಸೀಸನ್ ದುಡಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಹತ್ರ ಹತ್ತು ಹನ್ನೆರಡು ವರ್ಷ ಹಳೇ ಕಂಪ್ಯೂಟರ್ ಇದ್ದು, ಕೆಟ್ಟಿಲ್ಲ, ಸುಮ್ನೆ ನಿಧಾನ ಅಂತಾದರೆ ಹೊಸದಕ್ಕೆ ಹಣ ಹೊಂದಿಸಲು ಹೋಗಬೇಡಿ. ಒಳಗಿನ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯ ಬದಲು ಚಿಪ್ಪುಗಳಲ್ಲಿ ಫೈಲು ಇಡುವ ಡಿಸ್ಕು, ಹಾಕಿ ನೋಡಿ. ನಾನು ಹಾಕಿದ್ದು ಸ್ಯಾಮ್‌ಸಂಗ್ 870 ಇವೊ, 500 ಜಿಬಿಯದ್ದು. ಮೇ ಕೊನೆಗೆ ಬರುವ ಪತ್ತನಾಜೆ ಕಳೆದು, ಕೋಲ ಬಯಲಾಟಗಳೆಲ್ಲ ನಿಂತು ಕೆಲಸ ಕಡಿಮೆಯಾದಾಗ ಹಾಕಿದೆವು. ಆಮೇಲೆ ಬಂದ ಸೀಸನ್ ಪೂರ್ತಿ ಅದರಲ್ಲೇ ದುಡಿದಾಯಿತು. ಈಗ ಬರೆಯಲು ಧೈರ್ಯ ಉಂಟು.

ನನ್ನದು ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಬಯಲಾಟದ ಕರಪತ್ರ, ದೇವಸ್ಥಾನದ ಬ್ರಹ್ಮಕಲಶದ ಆಮಂತ್ರಣ, ಭೂತಕೋಲದ ನೋಟೀಸು, ರಶೀದಿ ಪುಸ್ತಕ. ಹೆಚ್ಚಿನವಕ್ಕೆ ಒಂದು ಬದಿ ಕನ್ನಡ, ಇನ್ನೊಂದು ಬದಿ ಮಲಯಾಳ. ಕನ್ನಡಕ್ಕೆ ನುಡಿ ಮತ್ತು ಬರಹ, ಮಲಯಾಳಕ್ಕೆ ಕಾರ್ತಿಕ ಫಾಂಟ್. ಪುಟ ಕಟ್ಟುವುದು ಈಗಲೂ ಪೇಜ್‌ಮೇಕರ್ 7ರಲ್ಲಿ. ನಗಬೇಡಿ. 2001ರ ಸಾಫ್ಟ್‌ವೇರ್ ಅದು, ಅದರ ನಂತರದ ಆವೃತ್ತಿ ಬರಲೇ ಇಲ್ಲ ಅಂತ ನನಗೂ ಗೊತ್ತು. ಆದರೆ ಊರಿನ ದೇವಸ್ಥಾನಗಳ ಹಳೇ ಆಮಂತ್ರಣಗಳೆಲ್ಲ ಇರುವುದು ಅದರಲ್ಲೇ. ಹಿಂದಿನದ್ದನ್ನು ತೆರೆದು, ತಾರೀಕು ತಿದ್ದಿ, ತೀರಿಹೋದವರ ಹೆಸರು ತೆಗೆದು, ಹೊಸ ಸಮಿತಿಯವರ ಹೆಸರು ಸೇರಿಸಿದರೆ ಅರ್ಧ ಕೆಲಸ ಮುಗಿಯಿತು. ಅಂಗಡಿಯ ಬಂಡವಾಳ ಅಂತ ಏನಾದರೂ ಇದ್ದರೆ ಆ ಫೈಲುಗಳೇ.

ಮಷೀನು ಮೂರನೇ ತಲೆಮಾರಿನ ಇಂಟೆಲ್ ಐ3. ಎಚ್61 ಮದರ್‌ಬೋರ್ಡು, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕು. ಆನ್ ಮಾಡಿದರೆ ವಿಂಡೋಸ್ 10 ಬಂದು ಮೌಸ್ ಮಾತು ಕೇಳಲು ಐದು ನಿಮಿಷ ಬೇಕಿತ್ತು. ಪೇಜ್‌ಮೇಕರ್ ತೆರೆದರೆ ಅದು ಇರುವ ಫಾಂಟುಗಳನ್ನೆಲ್ಲ ಓದುತ್ತಾ ಕೂರುತ್ತಿತ್ತು. ಎದುರಿನ ಬೆಂಚಿನಲ್ಲಿ ಸಮಿತಿಯವರು. "ಎಂತ ಅಕ್ಕ, ಇನ್ನೂ ಓಪನ್ ಆಗ್ಲಿಲ್ವಾ?" ಅದಕ್ಕೆ ನಗುವುದು ಬಿಟ್ಟು ಬೇರೆ ಉತ್ತರ ಇರಲಿಲ್ಲ. ಹೀಗಿರುವಾಗ ಕ್ಯಾಬಿನೆಟ್ಟಿನ ಒಳಗಿಂದ ಆಗಾಗ ಟಕ್ ಟಕ್ ಅಂತ ಸದ್ದೂ ಶುರುವಾಯಿತು.

ಅಕ್ಕನ ಮಗ ಪೊವ್ವಲಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಾನೆ. ಅವನು ಬಂದು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅಂತ ಒಂದು ಉಚಿತ ಸಾಫ್ಟ್‌ವೇರ್ ಹಾಕಿದ. ತೆರೆದ ಕೂಡಲೇ ಹಳದಿ ಬಣ್ಣದಲ್ಲಿ 'ಕಾಷನ್'. ಅದರಲ್ಲಿ ಎರಡು ಸಾಲು ನೋಡಬೇಕಂತೆ. ಒಂದು, ಹಾಳಾದ ಸೆಕ್ಟರುಗಳ (ಡಿಸ್ಕಿನಲ್ಲಿ ಫೈಲು ಬರೆಯುವ ಸಣ್ಣ ಸಣ್ಣ ತುಂಡು ಜಾಗ) ಬದಲಿಗೆ ಡಿಸ್ಕು ತನ್ನ ಮೀಸಲು ಜಾಗದಿಂದ ಎಷ್ಟು ಬಳಸಿಕೊಂಡಿದೆ ಅನ್ನುವ ಲೆಕ್ಕ. ಇನ್ನೊಂದು, ಓದಲು ಕಷ್ಟವಾಗಿ ಬಾಕಿ ಉಳಿದ ಸೆಕ್ಟರುಗಳ ಲೆಕ್ಕ. ಎರಡೂ ಸೊನ್ನೆ ಇರಬೇಕಿತ್ತು. ಇರಲಿಲ್ಲ. "ಚಿಕ್ಕಮ್ಮ, ಇದು ಇನ್ನು ಜಾಸ್ತಿ ದಿನ ಬರುವುದಿಲ್ಲ. ಮೊದಲು ಫೈಲೆಲ್ಲ ಬೇರೆ ಕಡೆ ಕಾಪಿ ಮಾಡಿ ಇಡಿ," ಅಂದ. ಪೇಟೆಯ ಒಬ್ಬ ಅಂಗಡಿಯವರನ್ನು ಕೇಳಿದರೆ, ಇಂಥ ಹಳೇ ಮಷೀನಿಗೆ ಹಣ ಹಾಕುವುದು ದಂಡ, ಹೊಸ ಸೆಟ್ಟೇ ತೆಗೊಳ್ಳಿ ಅಂತ ಉಪದೇಶ ಸಿಕ್ಕಿತು. ಹೊಸ ಸೆಟ್ಟಿನಲ್ಲಿ ನನ್ನ ಪೇಜ್‌ಮೇಕರ್, ನುಡಿ, ಆ ಫಾಂಟುಗಳು ಎಲ್ಲವನ್ನೂ ಮತ್ತೆ ಕೂರಿಸಿ ಕೊಡುವುದು ಯಾರು, ಅವರಾ?

ಈಗ ಡಿಸ್ಕಿನ ವಿಷಯ. ಕೊಳ್ಳುವಾಗ ಒಂದು ಮುಖ್ಯ ಸಂಗತಿ ಗಮನಿಸಿ. ಅಗ್ಗದ ಎಸ್‌ಎಸ್‌ಡಿಗಳಲ್ಲಿ ಹಲವು 480 ಜಿಬಿ ಇರುತ್ತವೆ. 500ಕ್ಕೂ 480ಕ್ಕೂ ಎಂತ ದೊಡ್ಡ ವ್ಯತ್ಯಾಸ ಅಂತ ಅನಿಸಬಹುದು. ಆದರೆ ಹಳೇ ಡಿಸ್ಕನ್ನು ಇದ್ದ ಹಾಗೇ ಕ್ಲೋನ್ ಮಾಡುವುದಾದರೆ, ಅಂದರೆ ವಿಂಡೋಸ್ ಸಮೇತ ಪೂರ್ತಿ ನಕಲು ಇಳಿಸುವುದಾದರೆ, ಹೊಸದು ಅಷ್ಟೇ ದೊಡ್ಡದಿರಬೇಕು, ಇಲ್ಲವೇ ಜಾಸ್ತಿ ಇರಬೇಕು. 480ಕ್ಕೆ ಹೋದರೆ ಮೊದಲು ಹಳೇ ಡಿಸ್ಕಿನ ಪಾರ್ಟಿಷನ್ (ಒಳಗಿನ ವಿಭಾಗ) ಕುಗ್ಗಿಸಬೇಕಾಗುತ್ತದೆ. ಸಾಯಲು ಬಿದ್ದ ಡಿಸ್ಕಿನಲ್ಲಿ ಆ ಸಾಹಸ ಬೇಡ. 500ರದ್ದಾದರೆ ನೇರ ಕೂರುತ್ತದೆ. ವಿಂಡೋಸಿನಲ್ಲಿ 465 ಅಂತ ತೋರಿಸುತ್ತದೆ, ಹಳೆಯದೂ ಹಾಗೇ ತೋರಿಸುತ್ತಿತ್ತು. ಕಂಪನಿಯವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ. ಮೋಸ ಏನಿಲ್ಲ.

ಇನ್ನು ವೇಗ. ಡಬ್ಬಿಯ ಮೇಲೆ ಸೆಕೆಂಡಿಗೆ 560 ಎಂಬಿ ಓದುತ್ತದೆ, 530 ಎಂಬಿ ಬರೆಯುತ್ತದೆ ಅಂತ ಇದೆ. ನನ್ನಲ್ಲಿ ಅದರ ಅರ್ಧವೂ ಬರುವುದಿಲ್ಲ. ಎಚ್61 ಚಿಪ್‌ಸೆಟ್ಟಿನ ಸಾಟಾ ಪೋರ್ಟುಗಳು, ಅಂದರೆ ಡಿಸ್ಕು ಜೋಡಿಸುವ ಕಿಂಡಿಗಳು, ಸೆಕೆಂಡಿಗೆ 3 ಗಿಗಾಬಿಟ್‌ನವು. ಈ ಡಿಸ್ಕಿಗೆ ಬೇಕಾದ್ದು 6. ಅಳೆದು ನೋಡಿದರೆ ಓದುವುದು 270 ಎಂಬಿಯ ಆಚೀಚೆ. ಹಾಗಾದರೆ ಹಣ ನೀರಿಗೆ ಹೋಯಿತಾ? ಇಲ್ಲ. ದಿನದ ಕೆಲಸದಲ್ಲಿ ಕಂಪ್ಯೂಟರ್ ದೊಡ್ಡ ಫೈಲು ಒಂದನ್ನು ಉದ್ದಕ್ಕೆ ಓದುವುದು ಅಪರೂಪ. ಸಾವಿರಾರು ಚಿಲ್ಲರೆ ಫೈಲುಗಳನ್ನು ಅಲ್ಲಿಂದ ಇಲ್ಲಿಂದ ಹೆಕ್ಕುತ್ತಾ ಇರುತ್ತದೆ. ಹಾರ್ಡ್ ಡಿಸ್ಕಿನಲ್ಲಿ ಒಂದೊಂದಕ್ಕೂ ಮುಳ್ಳು ಓಡಾಡಿ, ತಟ್ಟೆ ತಿರುಗಿ ಆ ಜಾಗ ಎದುರು ಬರುವವರೆಗೆ ಕಾಯಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ. ಗೆಲ್ಲುವುದು ಇಲ್ಲೇ, ಇದಕ್ಕೆ ಹಳೇ ಪೋರ್ಟು ದೊಡ್ಡ ಅಡ್ಡಿಯಲ್ಲ.

ಇಂಥ ಬೋರ್ಡಿಗೆ ಇನ್ನೂ ಅಗ್ಗದ್ದು ಸಾಕಾಗುತ್ತಿತ್ತು ಅನ್ನುವವರಿದ್ದಾರೆ. ವೇಗದ ಮಟ್ಟಿಗೆ ಅದು ನಿಜ. ನಾನು ಇದನ್ನೇ ಆರಿಸಿದ್ದು ಐದು ವರ್ಷದ ವಾರಂಟಿ ನೋಡಿ. ಜೊತೆಗೆ ಇದರೊಳಗೆ ಬೇರೆ ಕ್ಯಾಶ್ ಮೆಮೊರಿ ಇದೆ, ಅಗ್ಗದ ಹಲವುಗಳಲ್ಲಿ ಅದು ಇರುವುದಿಲ್ಲ. ವಾರಂಟಿಗೆ ಒಂದು ಮಿತಿ ಇದೆ: 300 ಟಿಬಿ (ಒಂದು ಟಿಬಿ ಅಂದರೆ ಸಾವಿರ ಜಿಬಿ) ಬರೆಯುವವರೆಗೆ, ಅಥವಾ ಐದು ವರ್ಷ, ಯಾವುದು ಮೊದಲೋ ಅದು. ಲೆಕ್ಕ ಹಾಕಿದರೆ ದಿನಕ್ಕೆ 160 ಜಿಬಿ ಆಯಿತು. ನಮ್ಮ ಬದಿಯಡ್ಕದ ಮದುವೆ ಕಾಗದಗಳಿಂದ ಅದು ಸಾಧ್ಯವಿಲ್ಲ ಬಿಡಿ. ಅಂದ ಹಾಗೆ ಎಂ.2 ಅಂತ ಸಪೂರ ಪಟ್ಟಿಯ ಹಾಗಿರುವ ಎಸ್‌ಎಸ್‌ಡಿ ತೋರಿಸಿದರೆ ತರಬೇಡಿ. ನನ್ನಂಥ ಹಳೇ ಬೋರ್ಡಿನಲ್ಲಿ ಅದಕ್ಕೆ ಕಿಂಡಿಯೇ ಇಲ್ಲ. ಎರಡೂವರೆ ಇಂಚಿನ ಸಾಟಾ ಅಂತ ಬಾಯಿ ಬಿಟ್ಟು ಕೇಳಿ.

ಡಬ್ಬಿಯಲ್ಲಿ ಡಿಸ್ಕು ಮತ್ತು ಒಂದು ಮಡಚಿದ ಕಾಗದ, ಅಷ್ಟೇ. ಕೇಬಲ್ ಇಲ್ಲ, ಸ್ಕ್ರೂ ಇಲ್ಲ. ಈ ಬೆಲೆಗೆ ನಾಲ್ಕು ಸ್ಕ್ರೂ ಕೊಡಬಹುದಿತ್ತು ಅಂತ ನನ್ನ ತಕರಾರು. ಸಾಟಾ ಕೇಬಲ್ ಕಾಸರಗೋಡಿನಿಂದ ತರಿಸಿದೆ. ಕ್ಯಾಬಿನೆಟ್ ಬಿಚ್ಚಿದರೆ ಒಳಗೆ ಅಂಗಡಿಯ ಇಷ್ಟು ವರ್ಷದ ಧೂಳು, ಫ್ಯಾನಿನ ಮೂಲೆಯಲ್ಲಿ ಹಲ್ಲಿಯ ಖಾಲಿ ಮೊಟ್ಟೆ, ನಮ್ಮ ಮಳೆಗಾಲಕ್ಕೆ ತುಕ್ಕು ಹಿಡಿದ ಸ್ಕ್ರೂಗಳು. ಒಂದಂತೂ ತಿರುಗಲೇ ಇಲ್ಲ. ಹಳೇ ಡಿಸ್ಕಿನ ಜಾಗ ಮೂರೂವರೆ ಇಂಚಿನದ್ದು, ಇದು ಎರಡೂವರೆ. ಅದಕ್ಕೆ ಬೇರೆ ಬ್ರಾಕೆಟ್ ಸಿಗುತ್ತದೆ. ಅಕ್ಕನ ಮಗ ಡಬಲ್ ಸೈಡ್ ಟೇಪಿನಲ್ಲೇ ಒಳಗಿನ ತಗಡಿಗೆ ಅಂಟಿಸಿದ. ತೂಕವೇ ಇಲ್ಲದ್ದು, ಅಲುಗಾಡುವ ಭಾಗವೂ ಇಲ್ಲ. ಈವರೆಗೆ ಬಿದ್ದಿಲ್ಲ.

ಕ್ಲೋನ್ ಮಾಡಲು ಸ್ಯಾಮ್‌ಸಂಗಿನವರದ್ದೇ ಉಚಿತ ಸಾಫ್ಟ್‌ವೇರ್ ಇದೆ. ನಮ್ಮ ಹಳೇ ಡಿಸ್ಕಿನಲ್ಲಿ ಹಾಳಾದ ಸೆಕ್ಟರುಗಳಿದ್ದವು ನೋಡಿ, ಹಾಗಾಗಿ ಅವನು ಕ್ಲೋನ್‌ಜಿಲ್ಲಾ ಹಿಡಿದ. ಅದೂ ಉಚಿತ, ಪೆನ್‌ಡ್ರೈವಿನಿಂದ ಓಡುತ್ತದೆ. ಮೌಸಿಲ್ಲ, ಕೀಬೋರ್ಡಿನಲ್ಲೇ ಎಲ್ಲ. ಅದರಲ್ಲಿ 'ರೆಸ್ಕ್ಯೂ' ಅಂತ ಒಂದು ಆಯ್ಕೆ ಉಂಟು. ಅದನ್ನು ಹಾಕಿದರೆ ಓದಲಾಗದ ಜಾಗ ಸಿಕ್ಕಾಗ ನಿಲ್ಲದೆ ದಾಟಿ ಮುಂದೆ ಹೋಗುತ್ತದೆ. ಯಾವುದರಿಂದ ಯಾವುದಕ್ಕೆ ಅಂತ ಕೇಳುವಲ್ಲಿ ಮಾತ್ರ ಎರಡೆರಡು ಸಲ ಓದಿ. ಎರಡೂ 500 ಜಿಬಿ ಅಂತಲೇ ತೋರಿಸುತ್ತದೆ. ಹೆಸರು ನೋಡಿ ಆರಿಸಬೇಕು. ತಿರುಗುಮುರುಗಾದರೆ ಖಾಲಿ ಡಿಸ್ಕು ಬಂದು ತುಂಬಿದ್ದನ್ನು ಒರೆಸಿಬಿಡುತ್ತದೆ.

ನನಗೆ ಹೆದರಿಕೆ ಇದ್ದದ್ದು ಕರೆಂಟಿನದ್ದು. ಮಳೆಗಾಲದಲ್ಲಿ ನಮ್ಮಲ್ಲಿ ಲೈನಿನ ಮೇಲೆ ಮರದ ಒಂದು ಗೆಲ್ಲು ಬಿದ್ದರೆ ಮತ್ತೆ ಬರುವುದು ಯಾವಾಗಲೋ. ಯುಪಿಎಸ್ ಹತ್ತು ನಿಮಿಷಕ್ಕಿಂತ ಜಾಸ್ತಿ ತಡೆಯುವುದಿಲ್ಲ. ಒಂದೂವರೆ ಗಂಟೆ ಪರದೆಯಲ್ಲಿ ಅದರ ಗೆರೆ ಮುಂದೆ ಹೋಗುವುದನ್ನೇ ನೋಡುತ್ತಾ ಕೂತೆವು. ಪುಣ್ಯಕ್ಕೆ ಆ ಸಂಜೆ ಕರೆಂಟು ಹೋಗಲಿಲ್ಲ. ಹಳೇ ಡಿಸ್ಕಿನ ಕೇಬಲ್ ಕಳಚಿ ಆನ್ ಮಾಡಿದರೆ ವಿಂಡೋಸ್ ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಬಂತು. ಡೆಸ್ಕ್‌ಟಾಪಿನಲ್ಲಿ ನಾನು ಬಿಸಾಡದೆ ಇಟ್ಟಿದ್ದ ಫೈಲುಗಳು ಕೂಡ ಅದೇ ಜಾಗದಲ್ಲಿ. ಲೈಸೆನ್ಸು ಮತ್ತೆ ಕೇಳಲಿಲ್ಲ, ಬೋರ್ಡು ಬದಲಾಗಿಲ್ಲ ಅಲ್ವಾ. ಹಳೇ ಡಿಸ್ಕಿನಲ್ಲಿ ಮೊದಲೇ ಕೆಟ್ಟು ಹೋಗಿದ್ದ ಒಂದೆರಡು ಫೋಟೊಗಳು ಮಾತ್ರ ಇಲ್ಲಿಯೂ ತೆರೆಯುವುದಿಲ್ಲ.

ಈಗ ಆನ್ ಮಾಡಿದರೆ ಅರ್ಧ ನಿಮಿಷದೊಳಗೆ ಟೈಪ್ ಮಾಡಲು ತಯಾರು. ಪೇಜ್‌ಮೇಕರ್ ಒತ್ತಿದ ಕೂಡಲೇ ಬರುತ್ತದೆ. ನನಗೆ ಅತಿ ಇಷ್ಟವಾದ್ದು ಹುಡುಕಾಟ. "2016ರ ಬ್ರಹ್ಮಕಲಶದ್ದು ನಿಮ್ಮ ಹತ್ರ ಉಂಟಾ ಅಕ್ಕ?" ಅಂತ ಕೇಳಿದವರು ಕೂರುವ ಮೊದಲೇ ಪರದೆಯಲ್ಲಿ ತೋರಿಸಬಹುದು. ಕುಂಭ, ಮೀನ ತಿಂಗಳ (ಫೆಬ್ರವರಿ ಮಧ್ಯದಿಂದ ಏಪ್ರಿಲ್ ಮಧ್ಯದವರೆಗಿನ) ಗಡಿಬಿಡಿಯಲ್ಲಿ ಒಂದೇ ಹೊತ್ತಿಗೆ ಪ್ರೂಫ್ ತಿದ್ದುವುದು, ಪಿಡಿಎಫ್ ಮಾಡುವುದು, ವಾಟ್ಸಾಪಿನಲ್ಲಿ ಕಳಿಸುವುದು ಎಲ್ಲ ನಡೆಯಿತು. ಕೈ ಕೊಡಲಿಲ್ಲ.

ಸರಿಯಾಗದ್ದೂ ಉಂಟು. ಫೋಟೊಶಾಪಿನಲ್ಲಿ ದೊಡ್ಡ ಬ್ಯಾನರ್ ತೆರೆದರೆ ಈಗಲೂ ಏದುಸಿರು. ಅದು ರ‍್ಯಾಮಿನ ತೊಂದರೆ, ಡಿಸ್ಕು ಏನೂ ಮಾಡಲಾಗದು. ಇನ್ನೊಂದು 4 ಜಿಬಿ ಹಾಕಬೇಕು. ಎಸ್‌ಎಸ್‌ಡಿ ಕೆಡುವಾಗ ಟಕ್ ಟಕ್ ಅಂತ ಸೂಚನೆ ಕೊಡುತ್ತದೆ ಅಂತಲೂ ನಂಬುವಂತಿಲ್ಲ. ಒಂದು ದಿನ ಸುಮ್ಮನೆ ಕಾಣದಾಗಬಹುದು, ಆಮೇಲೆ ಒಳಗಿನದ್ದನ್ನು ಹೊರಗೆ ತೆಗೆಸುವುದು ಭಾರೀ ಕಷ್ಟ, ಖರ್ಚೂ ಹೌದು. ಅದಕ್ಕೇ ಶನಿವಾರ ಬಾಗಿಲು ಹಾಕುವ ಮೊದಲು ಫೈಲುಗಳೆಲ್ಲ ಹೊರಗಿನ ಡಿಸ್ಕಿಗೆ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗು ಮಿಂಚಿಗೆ ಪ್ಲಗ್ಗೇ ಕಿತ್ತಿಡುತ್ತೇನೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು, ಈ ಪ್ರಾಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಹಾಗಾಗಿ ಬ್ಯಾಂಕಿನ ಕೆಲಸ ಇದರಲ್ಲಿ ಮಾಡುವುದು ಬಿಟ್ಟಿದ್ದೇನೆ. ಮುಂದೆ ಮಷೀನು ಬದಲಿಸಿದರೂ ಈ ಡಿಸ್ಕು ಅದಕ್ಕೆ ಹೋಗುತ್ತದೆ.

ಲ್ಯಾಪ್‌ಟಾಪಿಗೆ ಹಾಕುವವರಿಗೆ ಕೆಲಸ ಇನ್ನೂ ಸುಲಭ, ಅದರ ಜಾಗವೇ ಎರಡೂವರೆ ಇಂಚಿನದ್ದು. ಇದು 7 ಮಿಲಿಮೀಟರ್ ದಪ್ಪ. ಹಳೇ ಲ್ಯಾಪ್‌ಟಾಪುಗಳಲ್ಲಿ 9.5ರ ಜಾಗ ಇದ್ದರೆ ಸ್ವಲ್ಪ ಸಡಿಲ ಕೂರುತ್ತದೆ, ಎಡೆಗೆ ಒಂದು ಪ್ಲಾಸ್ಟಿಕ್ ಸ್ಪೇಸರ್ ಬೇಕು. ಅಕ್ಕನ ಲ್ಯಾಪ್‌ಟಾಪಿಗೆ ಮದುವೆ ಕಾಗದದ ದಪ್ಪ ರಟ್ಟು ಕತ್ತರಿಸಿ ಇಟ್ಟೆವು, ಸರಿಯಾಗಿ ಕೂತಿದೆ.