ಜೀವಕ್ರಿಯೆಗಳ ಪ್ರಯೋಗ ಪೆಟ್ಟಿಗೆ: ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದನ್ನು ಸಂತೆಯಿಂದ ತರಬೇಕು

ಹತ್ತನೆಯ ತರಗತಿಯ ‘ಜೀವಕ್ರಿಯೆಗಳು’ ಪಾಠಕ್ಕೆಂದು ಪ್ರಯೋಗಾಲಯ ಸಾಮಾನಿನ ಅಂಗಡಿಯವರು ಕಟ್ಟಿಕೊಡುವ ಪೆಟ್ಟಿಗೆ ಇದು. ವಿಜಯಪುರದ ಅಂಗಡಿಯೊಂದರಲ್ಲಿ ಸಿಕ್ಕ ಪೆಟ್ಟಿಗೆಯೊಳಗೆ ಇರುವುದು: ವಿದ್ಯಾರ್ಥಿ ಸೂಕ್ಷ್ಮದರ್ಶಕ, ಖಾಲಿ ಸ್ಲೈಡು, ಕವರ್‌ಸ್ಲಿಪ್, ಹತ್ತು ಸಿದ್ಧ ಸ್ಲೈಡು, ಎರಡು ಬೆಲ್ ಜಾರ್ (ಗಿಡ ಮುಚ್ಚುವ ಗಂಟೆಯಾಕಾರದ ಗಾಜು), ಪ್ರನಾಳಗಳು, ಬಾಗಿದ ಗಾಜಿನ ನಳಿಕೆ, ಸ್ಯಾಫ್ರನಿನ್ ಎಂಬ ಕೆಂಪು ಬಣ್ಣ, ಅಯೋಡಿನ್, ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಸುಣ್ಣದ ತಿಳಿನೀರು, ಯೀಸ್ಟ್, ಒಣದ್ರಾಕ್ಷಿಯ ಪೊಟ್ಟಣ, ಮೂರು ಚಾರ್ಟು, ಒಂದು ಸೂಚನಾ ಹಾಳೆ. ಮೊದಲೇ ಹೇಳಿಬಿಡುತ್ತೇವೆ: ಗಾಜು, ಮಸೂರ ಚೆನ್ನಾಗಿವೆ, ಬಾಟಲಿಗಳಲ್ಲಿ ಅರ್ಧ ಕೆಲಸಕ್ಕೆ ಬರುವುದಿಲ್ಲ, ಹಾಳೆಯಂತೂ ಇದ್ದೂ ಇಲ್ಲದಂತೆ. ‘ಅಯೋಡಿನ್ ಹಾಕಿ, ಬಣ್ಣ ಗಮನಿಸಿ’ ಎಂದಿದೆ. ಎಷ್ಟು ಹನಿ, ಎಷ್ಟು ಹೊತ್ತು, ಬಣ್ಣ ಬರದಿದ್ದರೆ ಯಾಕೆ ಬರಲಿಲ್ಲ ಎಂಬ ಸುದ್ದಿಯೇ ಇಲ್ಲ.

ಪೆಟ್ಟಿಗೆಯ ಬೆಲೆಯಲ್ಲಿ ದೊಡ್ಡ ಪಾಲು ಸೂಕ್ಷ್ಮದರ್ಶಕದ್ದು. ಆದ್ದರಿಂದ ಅಂಗಡಿಯಲ್ಲೇ ನಿಂತು ಅದನ್ನು ನೋಡಿ ತರಬೇಕು. ಕಣ್ಣಿನ ಮಸೂರ 10 ಪಟ್ಟು, ವಸ್ತು ಮಸೂರ 10 ಮತ್ತು 45, ಅಂದರೆ ಒಟ್ಟು 100 ಮತ್ತು 450 ಪಟ್ಟು. ಶಾಲೆಗೆ ಇಷ್ಟು ಸಾಕು. 1000 ಪಟ್ಟು ಎಂದು ಆಸೆ ತೋರಿಸಿದರೆ ಕಿವಿಗೆ ಹಾಕಿಕೊಳ್ಳಬೇಡಿ. ದೊಡ್ಡ ತಿರುಪು ತಿರುಗಿಸಿ ಕೊಳವೆಯನ್ನು ಮೇಲೆತ್ತಿ ಕೈ ಬಿಡಿ. ತಾನಾಗಿ ಕೆಳಗೆ ಜಾರಿದರೆ ಬೇಡ, ಬೇರೆ ತೆಗೆಸಿ. ಆಮೇಲೆ ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲನ್ನು 10ರ ಮಸೂರದ ಕೆಳಗಿಟ್ಟು, ಬೆಳಕಿನ ವೃತ್ತದಲ್ಲಿ ಎಷ್ಟು ಮಿ.ಮೀ. ಹಿಡಿಯುತ್ತದೆ ಎಂದು ಎಣಿಸಿ. ಒಂದೂವರೆ ಮಿ.ಮೀ. ಇದೆ ಎನ್ನಿ, 45ರ ಮಸೂರಕ್ಕೆ ಬದಲಿಸಿದಾಗ ಅದು ನಾಲ್ಕೂವರೆ ಪಟ್ಟು ಕುಗ್ಗಿ ಸುಮಾರು 0.33 ಮಿ.ಮೀ. ಆಗುತ್ತದೆ. ಈ ಎರಡು ಅಂಕಿ ಬರೆದಿಟ್ಟುಕೊಂಡರೆ ವೃತ್ತದ ಅಡ್ಡಕ್ಕೆ ಎಷ್ಟು ಕೋಶ ಕೂತಿವೆ ಎಂದು ಎಣಿಸಿ ಒಂದು ಕೋಶದ ಉದ್ದ ಹೇಳಬಹುದು. 10ರಲ್ಲಿ ಸ್ಪಷ್ಟ ಮಾಡಿಕೊಂಡು 45ಕ್ಕೆ ತಿರುಗಿಸಿದರೆ ಸಣ್ಣ ತಿರುಪನ್ನು ತುಸು ಆಡಿಸಿದರೆ ಸಾಕಾಗಬೇಕು. 45ರಲ್ಲಿ ದೊಡ್ಡ ತಿರುಪು ಮುಟ್ಟಲೇಬಾರದು. ಮಸೂರಕ್ಕೂ ಸ್ಲೈಡಿಗೂ ನಡುವೆ ಇರುವ ಜಾಗ ಒಂದು ಮಿ.ಮೀ.ಗಿಂತ ಕಡಿಮೆ. ಕವರ್‌ಸ್ಲಿಪ್ ಚಟ್ ಎಂದು ಒಡೆಯುವುದು ಅಲ್ಲೇ. ಕನ್ನಡಿಯನ್ನು ನೇರ ಸೂರ್ಯನ ಕಡೆ ತಿರುಗಿಸುವುದು ಕಣ್ಣಿಗೆ ಅಪಾಯ. ಕಿಟಕಿಯ ಬೆಳಕು ಸಾಕು.

ಕೋಶ ನೋಡಲು ಬೇಕಾದ ಉಳ್ಳಾಗಡ್ಡಿಯ ಸಿಪ್ಪೆ ಎಂದರೆ ಒಣಗಿದ ಕೆಂಪು ಸಿಪ್ಪೆಯಲ್ಲ. ದಪ್ಪ ಪದರವನ್ನು ಮುರಿದಾಗ ಒಳಬಾಗಿದ ಬದಿಯಿಂದ ಏಳುವ ತೆಳು ಪೊರೆ. ಅದನ್ನು ಚಿಮಟಿಗೆಯಲ್ಲಿ ಎಳೆದ ಕೂಡಲೇ ನೀರಿಗೆ ಬಿಡಬೇಕು, ಇಲ್ಲದಿದ್ದರೆ ಮುದುಡಿ ಎರಡು ಪದರವಾಗುತ್ತದೆ. ಪೆಟ್ಟಿಗೆಯ ಸ್ಯಾಫ್ರನಿನ್ ಬಹಳ ಗಟ್ಟಿ. ನೇರ ಹಾಕಿದರೆ ಎಲ್ಲವೂ ಕೆಂಪಾಗಿ ಕೋಶಕೇಂದ್ರ ಮುಳುಗಿಹೋಗುತ್ತದೆ. ಒಂದು ಪಾಲಿಗೆ ನಾಲ್ಕು ಪಾಲು ನೀರು ಬೆರೆಸಿ, ಒಂದು ಹನಿ, ಒಂದು ನಿಮಿಷ, ತೊಳೆದು, ಕವರ್‌ಸ್ಲಿಪ್ಪನ್ನು ಓರೆಯಾಗಿ ಸೂಜಿಯ ಮೇಲೆ ಆನಿಸಿ ನಿಧಾನ ಇಳಿಸಿ. ಮಕ್ಕಳು ದುಂಡಗಿನ ದಪ್ಪ ಕಪ್ಪು ಅಂಚಿನ ‘ಕೋಶ’ ಬಿಡಿಸಿ ತಂದರೆ ಅದು ಗಾಳಿಯ ಗುಳ್ಳೆ.

ಪತ್ರರಂಧ್ರ, ಅಂದರೆ ಎಲೆಯೊಳಗೆ ಗಾಳಿ ಹೋಗಿಬರುವ ಸಣ್ಣ ರಂಧ್ರ, ನೋಡಲು ಹಾಳೆ ರಿಯೋ ಎಂಬ ಅಲಂಕಾರದ ಗಿಡದ ಎಲೆ ಹೇಳುತ್ತದೆ. ಒಳ್ಳೆಯ ಆಯ್ಕೆ, ಕೆಳಬದಿಯ ನೇರಳೆ ಪೊರೆ ಸಲೀಸಾಗಿ ಏಳುತ್ತದೆ. ಆದರೆ ನಮ್ಮ ಭಾಗದಲ್ಲಿ ಕಾಲಿಟ್ಟಲ್ಲೆಲ್ಲ ಬೆಳೆಯುವ ಜೋಳವನ್ನು ಬಿಟ್ಟಿರುವುದು ಬೇಸರ. ಜೋಳದ ಎಲೆಯ ಪೊರೆ ಕೈಗೆ ಏಳದು. ಅದಕ್ಕೆ ಬಣ್ಣವಿಲ್ಲದ ಉಗುರುಬಣ್ಣವನ್ನು ತೆಳುವಾಗಿ ಬಳಿದು, ಹತ್ತು ನಿಮಿಷ ಒಣಗಿಸಿ, ಸೆಲ್ಲೋಟೇಪಿನಿಂದ ಎತ್ತಿ ಸ್ಲೈಡಿಗೆ ಅಂಟಿಸಿ. ರಂಧ್ರವನ್ನು ತೆರೆದು ಮುಚ್ಚುವ ಕಾವಲು ಕೋಶ ರಿಯೋದಲ್ಲಿ ಮೂತ್ರಪಿಂಡದ ಆಕಾರ, ಜೋಳದಲ್ಲಿ ಡಂಬೆಲ್ ಆಕಾರ, ಅದೂ ಸಾಲುಗಟ್ಟಿ. ಎಲೆಯನ್ನು ಬೆಳಿಗ್ಗೆಯೇ, ನೀರುಂಡ ಗಿಡದಿಂದ ಕೀಳಿ. ಬಾಡಿದ ಗಿಡದಲ್ಲಿ, ಏಪ್ರಿಲ್ ಮಧ್ಯಾಹ್ನದಲ್ಲಿ, ರಂಧ್ರ ಮುಚ್ಚಿರುತ್ತದೆ. ರಿಯೋ ಸ್ಲೈಡಿನ ಒಂದು ಅಂಚಿಗೆ ಉಪ್ಪುನೀರಿನ ಹನಿ ಇಟ್ಟು ಎದುರು ಅಂಚಿನಿಂದ ಹೀರುಕಾಗದದಲ್ಲಿ ಎಳೆದರೆ, ಕೆಲವು ನಿಮಿಷದಲ್ಲಿ ನೇರಳೆ ರಸ ಕೋಶಭಿತ್ತಿಯಿಂದ ಬಿಟ್ಟು ನಡುವೆ ಉಂಡೆಗಟ್ಟುವುದು ಕಣ್ಣೆದುರೇ ಕಾಣುತ್ತದೆ. ಪೆಟ್ಟಿಗೆಯ ಅತ್ಯುತ್ತಮ ಪ್ರಯೋಗ ಇದು, ಆದರೆ ಹಾಳೆಯಲ್ಲಿಲ್ಲ.

ಬೆಲ್ ಜಾರ್‌ಗಳ ಅಂಚು ನುಣ್ಣಗಿದೆ, ಗಾಜಿನ ಹಲಗೆಯ ಮೇಲೆ ಸರಿಯಾಗಿ ಕೂರುತ್ತದೆ. ಇಂಗಾಲದ ಡೈಆಕ್ಸೈಡ್ ಇಲ್ಲದೆ ಪಿಷ್ಟ ಆಗದು ಎಂದು ತೋರಿಸಲು ಎರಡು ಕುಂಡಗಳನ್ನು ಮೂರು ದಿನ ಕತ್ತಲಲ್ಲಿಟ್ಟು, ಒಂದರ ಪಕ್ಕ ಆ ಅನಿಲವನ್ನು ಹೀರುವ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಇಟ್ಟು, ಅಂಚಿಗೆ ವ್ಯಾಸಲೀನ್ ಬಳಿದು ಮುಚ್ಚಿ, ಸುಮಾರು ಎರಡು ಗಂಟೆ ಬಿಸಿಲಿಗಿಡಬೇಕು. ಬಿಸಿಲು ಎಂದರೆ ಬೆಳಗಿನ ಬಿಸಿಲು. ಇಲ್ಲಿಯ ಬೇಸಿಗೆಯ ಹನ್ನೆರಡರ ಬಿಸಿಲಿಗಿಟ್ಟರೆ ವ್ಯಾಸಲೀನ್ ಕರಗಿ ಹರಿದು ಗಾಳಿ ಒಳನುಗ್ಗುತ್ತದೆ, ಜಾರಿನೊಳಗೆ ಗಿಡವೂ ಬೇಯುತ್ತದೆ. ಆಮೇಲೆ ಅಯೋಡಿನ್ ಹಾಕಿದಾಗ ಪಿಷ್ಟವಿರುವ ಎಲೆ ಮಾತ್ರ ನೀಲಿಯಾಗಬೇಕು. ಎರಡೂ ಎಲೆ ನೀಲಿಯಾದರೆ ಮೊದಲು ಅಂಚು ನೋಡಿ, ಆಮೇಲೆ ಮೂರು ದಿನದ ಕತ್ತಲು ನಿಜವಾಗಿ ಕತ್ತಲಾಗಿತ್ತೇ ನೋಡಿ.

ಎಲೆಯನ್ನು ನೀರಲ್ಲಿ ಕುದಿಸಿ, ಸ್ಪಿರಿಟ್‌ನಲ್ಲಿ ಹಸಿರು ತೆಗೆಯುವಾಗ ಸ್ಪಿರಿಟ್ ಪ್ರನಾಳವನ್ನು ಬಿಸಿನೀರಿನ ಬೀಕರಿನೊಳಗೇ ಇಡಬೇಕು. ಕಾಸಿದ ನೀರನ್ನು ಜ್ವಾಲೆ ಆರಿಸಿ ತಂದರೆ ಇನ್ನೂ ಕ್ಷೇಮ. ಆಲ್ಕೋಹಾಲ್ 78 ಡಿಗ್ರಿಗೇ ಕುದಿಯುತ್ತದೆ, ಅದರ ಆವಿ ಬೆಂಕಿ ಹಿಡಿಯುತ್ತದೆ. ಸ್ಪಿರಿಟ್‌ನಿಂದ ತೆಗೆದ ಎಲೆ ಹಪ್ಪಳದಂತೆ ಮುರಿಯುತ್ತದೆ; ಬಿಸಿನೀರಲ್ಲಿ ಅದ್ದಿ ಮೆತ್ತಗೆ ಮಾಡಿ, ಆರಿದ ಮೇಲೆ ಅಯೋಡಿನ್ ಹಾಕಿ. ಬಿಸಿ ಇರುವಾಗ ಪಿಷ್ಟ, ಅಯೋಡಿನ್ ಸೇರಿ ಆಗುವ ನೀಲಿ ಮಾಯವಾಗಿರುತ್ತದೆ. ‘ಬಣ್ಣ ಬರಲಿಲ್ಲ’ ಎಂಬ ದೂರಿನ ಹಿಂದೆ ಬಹಳ ಸಲ ಇಷ್ಟೇ ಇರುತ್ತದೆ.

ಸುಣ್ಣದ ತಿಳಿನೀರಿನ ಬಾಟಲಿ ತೆರೆಯುವ ಮೊದಲೇ ಮೇಲೆ ಬಿಳಿ ಕೆನೆ. ಮುಚ್ಚಳದ ಸಂದಿಯಿಂದ ಗಾಳಿ ಹೊಕ್ಕು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿಬಿಟ್ಟಿದೆ. ಉಸಿರು ಊದಿದರೆ ತಿಳಿನೀರು ಬೆಳ್ಳಗಾಗಬೇಕು, ಇದು ಸರಿಯಾಗಿ ಆಗದಿರಬಹುದು. ಎಸೆದು ಹೊಸದು ಮಾಡಿ. ಪಾನಂಗಡಿಯ ಸುಣ್ಣ ಒಂದು ಚಮಚ, ಅರ್ಧ ಲೀಟರ್ ನೀರು, ಬಾಟಲಿ ತುಂಬ ತುಂಬಿಸಿ ಕುಲುಕಿ, ರಾತ್ರಿ ಬಿಟ್ಟು, ಬೆಳಿಗ್ಗೆ ಮೇಲಿನ ತಿಳಿಯನ್ನು ಮಾತ್ರ ಸೋಸಿ. ನೀರು ಬೋರಿನದ್ದು ಬೇಡ. ಬೋರಿನ ಗಡಸು ನೀರಲ್ಲಿರುವ ಬೈಕಾರ್ಬೊನೇಟ್ ಸುಣ್ಣದೊಡನೆ ಸೇರಿ ಅಲ್ಲೇ ಬೆಳ್ಳಗಾಗುತ್ತದೆ, ಸುಣ್ಣದ ಒಂದಷ್ಟು ಪಾಲು ಅಲ್ಲೇ ಮುಗಿಯುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಒಳ್ಳೆಯದು, ಆರ್‌ಒ ನೀರೂ ನಡೆಯುತ್ತದೆ. ಉಸಿರಲ್ಲಿ ಇಂಗಾಲದ ಡೈಆಕ್ಸೈಡ್ ನೂರಕ್ಕೆ ಸುಮಾರು 4, ಹೊರಗಾಳಿಯಲ್ಲಿ 0.04. ಹಾಗಾಗಿ ಊದಿದರೆ ಬೇಗ ಹಾಲಾಗುತ್ತದೆ, ಸಿರಿಂಜಿನಿಂದ ಗಾಳಿ ಒತ್ತಿದರೆ ಬಹಳ ಹೊತ್ತು. ಬೆಳ್ಳಗಾದ ಮೇಲೂ ಊದುತ್ತಲೇ ಇದ್ದರೆ ಮತ್ತೆ ತಿಳಿಯಾಗುತ್ತದೆ, ಆಗ ಗಾಬರಿ ಬೇಡ, ಬೈಕಾರ್ಬೊನೇಟ್ ಆಗಿ ಕರಗಿದೆ ಅಷ್ಟೆ. ಯೀಸ್ಟ್ ಹಳೆಯದೇ ಎಂದು ನೋಡಲು ಬೆಚ್ಚಗಿನ ಬೆಲ್ಲದ ನೀರಲ್ಲಿ ಅರ್ಧ ಚಮಚ ಕಲಸಿ. ಕಾಲು ಗಂಟೆಯಲ್ಲಿ ನೊರೆ ಏಳದಿದ್ದರೆ ಅದು ಸತ್ತಿದೆ.

ಜೊಲ್ಲಿನ ಪ್ರಯೋಗಕ್ಕೆ ಎರಡು ಪ್ರನಾಳಗಳಲ್ಲಿ ಶೇ. 1ರ ಪಿಷ್ಟದ್ರಾವಣ ಒಂದೊಂದು ಮಿ.ಲೀ., ಒಂದಕ್ಕೆ ಮಾತ್ರ ಜೊಲ್ಲು ಒಂದು ಮಿ.ಲೀ., 20ರಿಂದ 30 ನಿಮಿಷ. ಪಿಷ್ಟ ಬೇಯಿಸಿದ್ದಾಗಿರಬೇಕು, ಆರಿರಲೂ ಬೇಕು; ಬಿಸಿ ಗಂಜಿಗೆ ಜೊಲ್ಲು ಹಾಕಿದರೆ ಅದರಲ್ಲಿ ಪಿಷ್ಟ ಒಡೆಯುವ ಕಿಣ್ವ ಅಮೈಲೇಸ್ ಕೆಡುತ್ತದೆ. ಆಮೇಲೆ ಎರಡಕ್ಕೂ ಅಯೋಡಿನ್ ಹಾಕಿ, ಜೊಲ್ಲು ಹಾಕಿದ್ದು ನೀಲಿಯಾಗಬಾರದು. ಅಯೋಡಿನ್ ಚಹಾದ ಬಣ್ಣಕ್ಕಿಂತ ತಿಳಿಯಾಗಿರಲಿ.

ಒಣದ್ರಾಕ್ಷಿಯ ಪೊಟ್ಟಣ ನೋಡಿದರೆ ನಗು ಬರುತ್ತದೆ. ವಿಜಯಪುರದವರಿಗೆ ಒಣದ್ರಾಕ್ಷಿಯನ್ನು ಪೆಟ್ಟಿಗೆಯಲ್ಲಿ ಮಾರುವುದು! ಇರಲಿ. ಇಲ್ಲಿಯ ಶೆಡ್ಡುಗಳಲ್ಲಿ ಒಣಗಿಸುವ ಮೊದಲು ದ್ರಾಕ್ಷಿಯನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆಯ ನೀರಲ್ಲಿ ಅದ್ದುತ್ತಾರೆ, ಸಿಪ್ಪೆಯ ಮೇಣ ಸಡಿಲಾಗಿ ನೀರು ಬೇಗ ಆರಲೆಂದು. ಆದ್ದರಿಂದ ಮೊದಲು ಬೆಚ್ಚಗಿನ ನೀರಲ್ಲಿ ತೊಳೆದು, ಒರೆಸಿ, ತೂಗಿ. ನೀರಲ್ಲಿ ಕೆಲವು ಗಂಟೆ ಇಟ್ಟದ್ದು ಉಬ್ಬುತ್ತದೆ, ಅದನ್ನೇ ಗಟ್ಟಿ ಸಕ್ಕರೆ ಪಾಕಕ್ಕೆ ಹಾಕಿದರೆ ಮತ್ತೆ ಸುಕ್ಕಾಗುತ್ತದೆ. ಅಭಿಸರಣೆಗೆ, ಅಂದರೆ ಪೊರೆಯ ಮೂಲಕ ಗಟ್ಟಿ ದ್ರಾವಣದ ಕಡೆಗೆ ನೀರು ಸಾಗುವುದಕ್ಕೆ, ಇದನ್ನೇ ತೋರಿಸುವುದು ರೂಢಿ, ಆದರೆ ಒಣದ್ರಾಕ್ಷಿಯ ಕೋಶಗಳು ಒಣಗುವಾಗಲೇ ಸತ್ತಿರುತ್ತವೆ. ನೆನೆಸಿದ ನೀರು ಸಿಹಿಯಾಗುವುದೂ ಅದಕ್ಕೇ, ಸಕ್ಕರೆ ಹೊರಗೂ ಸೋರುತ್ತದೆ. ಜೀವಂತ ಪೊರೆಯ ಕೆಲಸ ತೋರಿಸಲು ಬಟಾಟಿಯೇ ಸರಿ: ಸಿಪ್ಪೆ ಸುಲಿದು, ತಳ ಸಮ ಮಾಡಿ, ನಡುವೆ ಬಟ್ಟಲು ಕೊರೆದು, ಅರ್ಧ ಮಟ್ಟಕ್ಕೆ ಗಟ್ಟಿ ಸಕ್ಕರೆ ನೀರು ತುಂಬಿ, ಮಟ್ಟಕ್ಕೆ ಗುಂಡುಸೂಜಿ ಚುಚ್ಚಿ, ನೀರಿನ ತಟ್ಟೆಯಲ್ಲಿ ಕೂರಿಸಿ. ಪಕ್ಕದಲ್ಲಿ ಬೇಯಿಸಿದ ಬಟಾಟಿಯನ್ನೂ ಹಾಗೇ ಇಡಿ. ಹಸಿಯದರಲ್ಲಿ ಮಟ್ಟ ಸೂಜಿ ದಾಟಿ ಏರುತ್ತದೆ, ಬೆಂದದ್ದರಲ್ಲಿ ಹಾಗೆ ಏರುವುದಿಲ್ಲ.

ಚಾರ್ಟುಗಳು ಪರವಾಗಿಲ್ಲ. ಹೃದಯದ ಚಾರ್ಟಿನಲ್ಲಿ ಪುಪ್ಪುಸಕ ಅಪಧಮನಿ ನೀಲಿ, ಪುಪ್ಪುಸಕ ಅಭಿಧಮನಿ ಕೆಂಪು ಇದೆಯೇ ಎಂದಷ್ಟು ನೋಡಿ. ಸಿದ್ಧ ಸ್ಲೈಡುಗಳಲ್ಲಿ ಹೈಡ್ರಾ ಮೊಗ್ಗು, ಸ್ಪೈರೋಗೈರಾ ಚೆನ್ನಾಗಿವೆ. ‘ಅಮೀಬಾ’ ಎಂದು ಚೀಟಿ ಹಚ್ಚಿದ ಗಾಜಿನಲ್ಲಿ ಅಮೀಬಾ ಬಿಟ್ಟು ಎಲ್ಲವೂ ಇದೆ.

ಕೊಳ್ಳುವಾಗ ಸೂಕ್ಷ್ಮದರ್ಶಕ, ಬೆಲ್ ಜಾರ್, ಪ್ರನಾಳಗಳಿಗೆ ಬಿಡಿ ದರ ಕೇಳಿ. ಬಾಟಲಿ, ಯೀಸ್ಟ್, ಒಣದ್ರಾಕ್ಷಿ ಬಿಟ್ಟು ಕೊಡುತ್ತಾರಾದರೆ ತಗೊಳ್ಳಿ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೇಕೇ ಬೇಕು, ಆದರೆ ಉಂಡೆಗಳು ಬಿಡಿಬಿಡಿಯಾಗಿ ಅಲುಗಾಡುವ ಬಾಟಲಿ ಆರಿಸಿ. ಒದ್ದೆಯಾಗಿ ಅಂಟಿಕೊಂಡಿದ್ದರೆ ಅದು ಆಗಲೇ ಗಾಳಿಯ ತೇವ, ಇಂಗಾಲದ ಡೈಆಕ್ಸೈಡ್ ಎರಡನ್ನೂ ಕುಡಿದು ಕೂತಿದೆ. ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಸುಡುತ್ತದೆ, ಚಮಚದಲ್ಲೇ ತೆಗೆಯಿರಿ.