ಭಾವನ ಹೆಸರಲ್ಲಿ ಸಾಲ, ಫೈನಾನ್ಸ್‌ನವರ ತಪ್ಪು: ನಾನು ತಂದುಕೊಟ್ಟ ಕಾಗದಕ್ಕೆ ಭಾವ ಸಹಿ ಹಾಕಿದರು

ಇದನ್ನು ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ. ಅಣ್ಣನ ಹೆಸರಲ್ಲಿ, ಹೆಂಡತಿ ಹೆಸರಲ್ಲಿ, ಭಾವನ ಹೆಸರಲ್ಲಿ ಗಾಡಿ ಸಾಲ ತೆಗೆದು ಕಂತು ತಾವೇ ಕಟ್ಟುತ್ತಿರುವವರು ನಮ್ಮ ಕಡೆ ತುಂಬಾ ಜನ ಇದ್ದಾರೆ. ಅವರು ದಯವಿಟ್ಟು ಪೂರ್ತಿ ಓದಿ.

ನಾನು ತಿಪಟೂರಿನಲ್ಲಿ ಗೂಡ್ಸ್ ಗಾಡಿ ಓಡಿಸುತ್ತೇನೆ. ಕೊಬ್ಬರಿ, ಕಾಯಿ, ಸೀಸನ್ ಇಲ್ಲದಾಗ ಮನೆ ಸಾಮಾನು. 2022ರಲ್ಲಿ ಗಾಡಿ ತೆಗೆಯೋಕೆ ಹೋದಾಗ ನನಗೆ ಸಾಲ ಸಿಗಲಿಲ್ಲ. ಐಟಿ ರಿಟರ್ನ್ ಇಲ್ಲ, ಸಂಬಳದ ಚೀಟಿ ಇಲ್ಲ. ಭಾವ ಅರಸೀಕೆರೆ ಹತ್ತಿರ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರು. ಅಕ್ಕ ಹೇಳಿದಳು, ಭಾವ ಒಪ್ಪಿದರು. ಸಾಲ ಅವರ ಹೆಸರಲ್ಲಿ, ಆರ್‌ಸಿ ಅವರ ಹೆಸರಲ್ಲಿ. ಕಂತು 11,200. ಪ್ರತಿ ತಿಂಗಳು 3ನೇ ತಾರೀಕಿನೊಳಗೆ ಭಾವನ ಖಾತೆಗೆ ಹಾಕುತ್ತಿದ್ದೆ, 5ಕ್ಕೆ ಫೈನಾನ್ಸ್‌ನವರು ಎಳೆದುಕೊಳ್ಳುತ್ತಿದ್ದರು. ಒಂದು ತಿಂಗಳೂ ತಪ್ಪಿಲ್ಲ.

2024ರ ಮೇ ತಿಂಗಳಲ್ಲಿ ಭಾವ ಸಂಬಳದ ಖಾತೆ ಬೇರೆ ಬ್ಯಾಂಕಿಗೆ ಬದಲಾಯಿಸಿದರು. ಹೊಸ ಖಾತೆಯಿಂದ ಕಂತು ಕಟ್ ಆಗೋಕೆ ಎರಡು ತಿಂಗಳು ಬೇಕು, ಅಲ್ಲಿವರೆಗೆ ಬ್ರಾಂಚ್‌ನಲ್ಲಿ ಕ್ಯಾಶ್ ಕಟ್ಟಿ ಅಂದರು ಫೈನಾನ್ಸ್‌ನವರು. ಜೂನ್, ಜುಲೈ ಎರಡೂ ತಿಂಗಳು ನಾನೇ ಹೋಗಿ ಕಟ್ಟಿದೆ. ಕೌಂಟರ್‌ನಲ್ಲಿದ್ದವನು ಬಸ್ ಟಿಕೆಟ್ ಥರದ ಸಣ್ಣ ರಸೀದಿ ಕೊಟ್ಟ. ಮೊತ್ತ ನೋಡಿದೆ, ಸರಿ ಇತ್ತು. ಜೇಬಿಗೆ ಹಾಕಿಕೊಂಡೆ. ಸಾಲದ ನಂಬರ್ ನೋಡಲಿಲ್ಲ. ಯಾರು ನೋಡುತ್ತಾರೆ ಹೇಳಿ?

ಕೊನೆಯ ಎರಡು ಅಂಕಿ ಅದಲು ಬದಲು ಆಗಿದ್ದವು. ನಾನು ಕಟ್ಟಿದ 22,400 ರೂಪಾಯಿ ಯಾರದೋ ಸಾಲಕ್ಕೆ ಜಮಾ ಆಗಿತ್ತು. ಎರಡು ಸಲವೂ.

ಆಗಸ್ಟ್‌ನಲ್ಲಿ ಫೋನ್ ಶುರುವಾಯಿತು. ಮೊದಲು ನನಗೆ. ಅರ್ಜಿಯಲ್ಲಿ ನನ್ನ ನಂಬರ್ ಕೊಟ್ಟಿದ್ದೆವು. ಆಮೇಲೆ ಭಾವನಿಗೆ. ಆಮೇಲೆ ಅವರ ಶಾಲೆಗೆ. ಹೆಡ್ ಮಾಸ್ಟರ್ ಕರೆದು ಕೇಳಿದ್ದಾರೆ, "ಏನ್ ಮೇಷ್ಟ್ರೇ, ಕಂತು ಕಟ್ಟಿಲ್ವಂತೆ?" ಭಾವ ಅದನ್ನು ನನಗೆ ಹೇಳಲಿಲ್ಲ. ಅಕ್ಕ ಹೇಳಿದಳು, ಅಳುತ್ತಾ.

ಅವತ್ತೇ ಬ್ರಾಂಚ್‌ಗೆ ಹೋದೆ. ರಸೀದಿ ತೋರಿಸಿದೆ. ಅಲ್ಲಿದ್ದ ಹುಡುಗ ಕಂಪ್ಯೂಟರ್ ನೋಡಿ ಕೇಳಿದ, "ಸಾಲಗಾರರು ನೀವೇನಾ?" ಅಲ್ಲ, ನಮ್ಮ ಭಾವ ಅಂದೆ. "ಹಾಗಿದ್ರೆ ಖಾತೆ ವಿವರ ನಿಮಗೆ ಹೇಳೋ ಹಾಗಿಲ್ಲ ಸರ್. ನೀವು ಥರ್ಡ್ ಪಾರ್ಟಿ."

ದುಡ್ಡು ಕೇಳೋಕೆ ಬೆಳಿಗ್ಗೆ ಏಳೂವರೆಗೆ ನನಗೆ ಫೋನ್ ಮಾಡುವಾಗ ನಾನು ಥರ್ಡ್ ಪಾರ್ಟಿ ಅಲ್ಲ. ಕಟ್ಟಿದ ದುಡ್ಡು ಎಲ್ಲಿ ಹೋಯಿತು ಅಂತ ಕೇಳಿದರೆ ಥರ್ಡ್ ಪಾರ್ಟಿ! ಅಂದಹಾಗೆ, ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡಬಾರದು ಅಂತ ಆರ್‌ಬಿಐ 2022ರಲ್ಲೇ ಹೇಳಿದೆ. ಆಗ ನನಗೆ ಗೊತ್ತಿರಲಿಲ್ಲ.

ಎರಡನೇ ಸಲ ಹೋದಾಗ ಮ್ಯಾನೇಜರ್ ಸಿಕ್ಕಿದರು. ಕೂರಿಸಿ ಟೀ ತರಿಸಿದರು. ನನ್ನ ಎರಡು ರಸೀದಿ ನೋಡಿದರು. "ಹೌದು ಸರ್, ನಮ್ಮ ಕಡೆಯಿಂದ ಏನೋ ಮಿಸ್ಟೇಕ್ ಆಗಿದೆ. ಸರಿ ಮಾಡ್ತೀವಿ. ಹೆಡ್ ಆಫೀಸಿಗೆ ಒಂದು ಲೆಟರ್ ಬೇಕು ಅಷ್ಟೆ" ಅಂದರು. ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ ಒಂದು ಪುಟ ಕೊಟ್ಟರು. ಭಾವನ ಸಹಿ ಬೇಕು ಅಂದರು.

ನಾನು ಖುಷಿಯಾಗಿಬಿಟ್ಟೆ. ಸೀದಾ ಶಾಲೆಗೆ ಹೋದೆ. ಮಧ್ಯಾಹ್ನದ ಊಟದ ಬೆಲ್ ಹೊಡೆದಿತ್ತು. ಭಾವ ಮಕ್ಕಳಿಗೆ ಬಡಿಸೋ ಕಡೆ ನಿಂತಿದ್ದರು. ಕೈ ತೊಳೆದುಕೊಂಡು ಬಂದು, "ಓದಿ ನೋಡಿದ್ಯೇನಪ್ಪಾ?" ಅಂದರು. "ನೋಡಿದೀನಿ ಭಾವ, ಫಾರ್ಮಾಲಿಟಿ ಅಷ್ಟೆ" ಅಂದೆ. ನಾನು ಓದಿರಲಿಲ್ಲ. ನಿಜ ಹೇಳುತ್ತೇನೆ, ಓದಿರಲಿಲ್ಲ. ನನ್ನ ಮೇಲಿನ ನಂಬಿಕೆಗೆ ಅವರು ಅಲ್ಲೇ ಬೆಂಚಿನ ಮೇಲೆ ಇಟ್ಟು ಸಹಿ ಹಾಕಿದರು.

ಆ ಪತ್ರದಲ್ಲಿ ಏನಿತ್ತು ಗೊತ್ತಾ? ಹಣದ ತೊಂದರೆಯಿಂದ ಎರಡು ಕಂತು ಸಮಯಕ್ಕೆ ಕಟ್ಟಲು ಆಗಲಿಲ್ಲ, ದಯವಿಟ್ಟು ದಂಡ ಮನ್ನಾ ಮಾಡಿ ಅಂತ ಇತ್ತು. ಅವರ ತಪ್ಪಿನ ಬಗ್ಗೆ ಒಂದು ಮಾತಿಲ್ಲ. ಕಟ್ಟಿದ ಮನುಷ್ಯನ ಕೈಯಲ್ಲೇ ಕಟ್ಟಿಲ್ಲ ಅಂತ ಬರೆಸಿಕೊಂಡರು. ಟೀ ಕುಡಿಸಿ ಬರೆಸಿಕೊಂಡರು.

ಇದು ನಮಗೆ ಗೊತ್ತಾಗಿದ್ದು ಸೆಪ್ಟೆಂಬರ್‌ನಲ್ಲಿ. ಭಾವ ಸೈಟಿನಲ್ಲಿ ಮನೆ ಕಟ್ಟೋಕೆ ಬ್ಯಾಂಕಿನಲ್ಲಿ ಸಾಲ ಕೇಳಿದ್ದರು. ಸಿಬಿಲ್ ರಿಪೋರ್ಟ್‌ನಲ್ಲಿ, ಅಂದರೆ ಯಾರು ಸಾಲ ಹೇಗೆ ಕಟ್ಟುತ್ತಿದ್ದಾರೆ ಅನ್ನೋ ದಾಖಲೆಯಲ್ಲಿ, ಗಾಡಿ ಸಾಲಕ್ಕೆ 50 ದಿನಕ್ಕೂ ಜಾಸ್ತಿ ಬಾಕಿ ಅಂತ ಬಂದಿತ್ತು. ಬ್ಯಾಂಕಿನವರು ಆಗಲ್ಲ ಅಂದರು. ಇಪ್ಪತ್ತು ವರ್ಷ ನೌಕರಿ ಮಾಡಿದ ಮನುಷ್ಯ, ಕೈಸಾಲ ಕೂಡ ಮಾಡಿದವರಲ್ಲ. ನನ್ನಿಂದ ಹೀಗಾಯಿತು.

ಫೈನಾನ್ಸ್‌ನವರಿಗೆ ಮತ್ತೆ ಫೋನ್ ಮಾಡಿದೆವು, ಈ ಸಲ ಭಾವನೇ ಮಾತಾಡಿದರು. ಆ ಕಡೆಯ ಉತ್ತರ: "ಸರ್, ಲೇಟ್ ಆಗಿದೆ ಅಂತ ನೀವೇ ಬರೆದುಕೊಟ್ಟಿದ್ದೀರಲ್ಲ?" ರಸೀದಿ ಇದೆ ಅಂದರೆ, "ಆ ರಸೀದಿ ನಿಮ್ಮ ಲೋನ್ ನಂಬರ್‌ದಲ್ಲ ಸರ್." ಹಾಗಿದ್ದರೆ ನಮ್ಮ ದುಡ್ಡು ವಾಪಸ್ ಕೊಡಿ ಅಂದರೆ, "ಅದು ಬೇರೆ ಕಸ್ಟಮರ್ ವಿವರ, ಹೇಳೋಕೆ ಬರಲ್ಲ." ಇದೇ ಮೂರು ಮಾತು. ಯಾರಿಗೆ ಫೋನ್ ಮಾಡಿದರೂ ಇದೇ ಮೂರು ಮಾತು.

ಬಾಕಿ 22,400ರ ಜೊತೆಗೆ ದಂಡ ಬೇರೆ, ಆ ದಂಡದ ಮೇಲೆ ಬಡ್ಡಿ ಬೇರೆ ಹಾಕಿದ್ದರು. ದಂಡದ ಮೇಲೆ ಬಡ್ಡಿ ಹಾಕಬಾರದು ಅಂತ 2023ರ ಆಗಸ್ಟ್‌ನಲ್ಲಿ ಆರ್‌ಬಿಐ ಸುತ್ತೋಲೆ ಬಂದಿದೆ. ಅದನ್ನು ತೋರಿಸಿದ್ದು ಭಾವನ ಜೊತೆಯ ಇನ್ನೊಬ್ಬ ಮೇಷ್ಟ್ರು. ಅವರಿಂದಲೇ ನಮಗೆ ದಾರಿ ಗೊತ್ತಾಯಿತು.

ಭಾವನೇ ಕಂಪನಿಯ ದೂರು ಅಧಿಕಾರಿಗೆ ಇಮೇಲ್ ಬರೆದರು. ನನ್ನ ಪರವಾಗಿ ಇವನು ಮಾತಾಡಬಹುದು ಅಂತ ಸಹಿ ಮಾಡಿದ ಪತ್ರ ಜೊತೆಗಿಟ್ಟರು. 30 ದಿನ ಕಾದರೂ ಉತ್ತರ ಬರಲಿಲ್ಲ. ಆಮೇಲೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ, ಅಂದರೆ ಬ್ಯಾಂಕ್, ಫೈನಾನ್ಸ್‌ನವರ ಮೇಲಿನ ದೂರು ಕೇಳುವ ಅಧಿಕಾರಿಗೆ, ಆರ್‌ಬಿಐನ ಸಿಎಂಎಸ್ ಅನ್ನೋ ದೂರಿನ ವೆಬ್‌ಸೈಟ್‌ನಲ್ಲಿ ದೂರು ಕೊಟ್ಟೆವು. ಒಂದು ಪೈಸೆ ಖರ್ಚಿಲ್ಲ. ಸಾಲಗಾರರು ಬರೆದುಕೊಟ್ಟರೆ ವಕೀಲರಲ್ಲದ ಬೇರೆಯವರೂ ಅವರ ಪರವಾಗಿ ದೂರು ಕೊಡಬಹುದು. ಇದು ಮೊದಲೇ ಗೊತ್ತಿದ್ದರೆ ನಾನು ಆ ಟೀ ಕುಡಿಯುತ್ತಲೇ ಇರಲಿಲ್ಲ.

ಸಿಬಿಲ್ ತಪ್ಪಿನ ಬಗ್ಗೆ ಅಕ್ಟೋಬರ್ 14ಕ್ಕೆ ಬೇರೆ ದೂರು ಕೊಟ್ಟೆವು. 30 ದಿನದಲ್ಲಿ ಸರಿ ಮಾಡಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. 2024ರ ಏಪ್ರಿಲ್‌ನಿಂದ ಈ ನಿಯಮ ಇದೆ. ಫೈನಾನ್ಸ್‌ನವರು ಸರಿಯಾದ ಲೆಕ್ಕ ಕಳಿಸದೆ ಎಳೆದಾಡಿ, ಸರಿಯಾಗಿದ್ದು ಡಿಸೆಂಬರ್ 9ಕ್ಕೆ. 26 ದಿನ ತಡ, 2,600 ರೂಪಾಯಿ. ಅದನ್ನು ಕೇಳಿದಾಗ ಫೈನಾನ್ಸ್‌ನವರು "ಅಂಥ ರೂಲ್ಸ್ ನಮ್ಮಲ್ಲಿ ಇಲ್ಲ ಸರ್" ಅಂದರು. ಸುತ್ತೋಲೆ ಪ್ರಿಂಟ್ ತೆಗೆದು ಮೇಜಿನ ಮೇಲೆ ಇಟ್ಟ ಮೇಲೆ ಜಮಾ ಆಯಿತು. ಕಂತಿನ ದುಡ್ಡು ಸರಿಯಾದ ಖಾತೆಗೆ ಬಂತು, ದಂಡ ತೆಗೆದರು. ಶಾಲೆಗೆ ಫೋನ್ ಮಾಡಿದ್ದಕ್ಕೆ ಯಾರೂ ಕ್ಷಮೆ ಕೇಳಲಿಲ್ಲ.

ಬೇರೆಯವರ ಹೆಸರಲ್ಲಿ ಸಾಲ ಇದ್ದರೆ ಇವತ್ತೇ ಅವರಿಂದ ನಿಮ್ಮ ಹೆಸರಿಗೆ ಒಪ್ಪಿಗೆ ಪತ್ರ ಬರೆಸಿ ಬ್ರಾಂಚ್‌ಗೆ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಹೊಸ ಸಾಲ ಆದರೆ ಜಂಟಿ ಸಾಲಗಾರ ಅಂತ ನಿಮ್ಮ ಹೆಸರೂ ಸೇರಿಸಲು ಹಠ ಹಿಡಿಯಿರಿ. ಕ್ಯಾಶ್ ಕಟ್ಟಿದರೆ ಕೌಂಟರ್ ಬಿಡುವ ಮೊದಲು ಸಾಲದ ನಂಬರ್ ಅಂಕಿ ಅಂಕಿ ನೋಡಿ, ರಸೀದಿ ಜೆರಾಕ್ಸ್ ಮಾಡಿಸಿ. ಆ ಕಾಗದದ ಅಕ್ಷರ ಅಳಿಸಿಹೋಗುತ್ತದೆ. ನನ್ನ ಜೂನ್ ರಸೀದಿ ಅಕ್ಟೋಬರ್‌ಗೆ ಅರ್ಧ ಬೆಳ್ಳಗಾಗಿತ್ತು. ಮತ್ತೆ ಅವರು ಟೈಪ್ ಮಾಡಿದ ಪತ್ರಕ್ಕೆ ಸಹಿ ಹಾಕಿಸಬೇಡಿ. ನಿಮ್ಮ ಪತ್ರ ನೀವೇ ಬರೆಯಿರಿ, ಕನ್ನಡದಲ್ಲೇ ಬರೆಯಿರಿ.

ಭಾವನ ಮನೆ ಸಾಲ ಜನವರಿಯಲ್ಲಿ ಪಾಸಾಯಿತು. ಪಾಯ ಹಾಕಿದ ದಿನ ಕಲ್ಲು, ಮರಳು ಎಲ್ಲ ನನ್ನ ಗಾಡಿಯಲ್ಲೇ ಹೊಡೆದೆ, ಬಾಡಿಗೆ ತೆಗೆದುಕೊಳ್ಳಲಿಲ್ಲ. ಭಾವ ನನಗೆ ಇವತ್ತಿನವರೆಗೂ ಒಂದು ಮಾತು ಅಂದಿಲ್ಲ. ಆದರೆ ಸಹಿ ಹಾಕಿದ ಆ ಪತ್ರ ಇನ್ನೂ ಫೈನಾನ್ಸ್‌ನವರ ಫೈಲಿನಲ್ಲೇ ಇದೆ. ವಾಪಸ್ ಕೊಡಿ ಅಂತ ಮೂರು ಸಲ ಬರೆದು ಕೇಳಿದ್ದೇವೆ, ಕೊಟ್ಟಿಲ್ಲ. ನಾಲ್ಕನೇ ಸಲ ನಾಳೆ ಹೋಗುತ್ತೇನೆ.